ಇಜಿಆರ್‌ಗೆ ತಗಡು ಹೊಡೆಸುವ ಮುನ್ನ

“ಗಾಡಿ ಎಳೆಯುವುದಿಲ್ಲ, ಕಪ್ಪು ಹೊಗೆ ಬರ್ತದೆ” ಅಂತ ಗ್ಯಾರೇಜಿಗೆ ಹೋದರೆ ಈಗ ನಮ್ಮ ಕಡೆ ಸಿಗುವ ಉತ್ತರ ಹೆಚ್ಚುಕಡಿಮೆ ಒಂದೇ: “ಇಜಿಆರ್ ವಾಲ್ವಿಗೆ ಮಸಿ ಕಟ್ಟಿದೆ. ಒಂದು ತಗಡು ಹೊಡೆದು ಬಂದ್ ಮಾಡುವ.” 300 ರೂಪಾಯಿಯ ಕೆಲಸ, ಅರ್ಧ ಗಂಟೆಯೂ ಬೇಡ. ಹೊಸ ವಾಲ್ವಿಗೆ ಎಷ್ಟು ಅಂತ ಕೇಳಿದರೆ ಐದಂಕಿಯ ಲೆಕ್ಕ ಹೇಳುತ್ತಾರೆ. ಹಾಗಿರುವಾಗ 300 ರೂಪಾಯಿಯ ದಾರಿ ಬೇಡ ಎನ್ನುವ ಕೃಷಿಕ ಯಾರಿದ್ದಾರೆ? ನಾನೂ ಬೇಡ ಎನ್ನಲಿಲ್ಲ. ನನ್ನ 2013ರ ಡೀಸೆಲ್ ಕಾರಿಗೆ ತಗಡು ಹಾಕಿಸಿದೆ, 14 ತಿಂಗಳು ಓಡಿಸಿದೆ, ಮತ್ತೆ ತೆಗೆಸಿದೆ. ಯಾಕೆ ತೆಗೆಸಿದೆ ಎಂದು ಹೇಳುವುದಕ್ಕೇ ಈ ಬರಹ.

ಕೃಷಿ ಪತ್ರಿಕೆಯಲ್ಲಿ ಕಾರಿನ ಪುರಾಣ ಯಾಕೆ ಅಂತ ಕೇಳಬೇಡಿ. ನಮ್ಮಂಥವರ ಕಾರು ಅಂದರೆ ಮದುವೆ ಮನೆಗೆ ಹೋಗುವ ವಾಹನ ಮಾತ್ರ ಅಲ್ಲ. ಬೆಳಗ್ಗೆ ಡೈರಿಗೆ ಹಾಲು, ಮಧ್ಯಾಹ್ನ ಎರಡು ಗೋಣಿ ಹಿಂಡಿ, ಸಂತೆ ದಿನ ಬಾಳೆಗೊನೆ, ಎಲ್ಲ ಅದರಲ್ಲೇ. ಹಾರೆ ಕತ್ತಿಯ ಹಾಗೆ ಅದೂ ಒಂದು ಸಲಕರಣೆ. ಅದರ ರಿಪೇರಿ ಖರ್ಚು ತೋಟದ ಲೆಕ್ಕಕ್ಕೇ ಬೀಳುವುದು.

ಮೊದಲು ಈ ವಾಲ್ವು ಎಂತದಕ್ಕೆ ಅಂತ ನೋಡುವ. ಎಂಜಿನ್ನಿನಿಂದ ಸೈಲೆನ್ಸರಿಗೆ ಹೋಗುವ ಹೊಗೆಯಲ್ಲಿ ಒಂದು ಪಾಲನ್ನು ತಿರುಗಿಸಿ, ಎಂಜಿನ್ನು ಒಳಗೆಳೆಯುವ ಗಾಳಿಗೇ ಕೂಡಿಸುವ ಬಾಗಿಲು ಇದು. ಕೇಳುವಾಗ ಹುಚ್ಚಾಟ ಅನಿಸುತ್ತದೆ. ಉಸಿರಾಡಿ ಬಿಟ್ಟ ಗಾಳಿಯನ್ನೇ ಮತ್ತೆ ಕುಡಿಸುವುದಾ? ಆದರೆ ಅದರ ಹಿಂದೊಂದು ಕಾರಣ ಉಂಟು.

ಗಾಳಿಯಲ್ಲಿ 78 ಪಾಲು ಸಾರಜನಕ ಎಂದು ನಮಗೆಲ್ಲ ಗೊತ್ತು. ಮಾಮೂಲಿಗೆ ಅದು ಯಾರ ತಂಟೆಗೂ ಹೋಗದ ಅನಿಲ. ಅಲಸಂದೆ, ಹೆಸರು, ವೆಲ್ವೆಟ್ ಬೀನ್ಸ್ ಬೇರಿನ ಗಂಟಿನಲ್ಲಿರುವ ಜೀವಾಣುಗಳು ಅದನ್ನು ತಣ್ಣಗಿನ ಮಣ್ಣಿನಲ್ಲಿ, ಸದ್ದಿಲ್ಲದೆ ಗೊಬ್ಬರವಾಗಿಸುತ್ತವೆ. ಎಂಜಿನ್ನಿನ ಒಳಗೆ ನಡೆಯುವುದು ಬೇರೆ. ಡೀಸೆಲ್ ಉರಿಯುವ ಜಾಗದಲ್ಲಿ ಶಾಖ 1500 ಡಿಗ್ರಿ ದಾಟಿದ ಮೇಲೆ ಸಾರಜನಕವೂ ಆಮ್ಲಜನಕವೂ ಬೇಗಬೇಗ ಕೂಡಿಕೊಂಡು ನೈಟ್ರೋಜನ್ ಆಕ್ಸೈಡುಗಳಾಗುತ್ತವೆ. ಗ್ಯಾರೇಜಿನವರು, ಪೇಪರಿನವರು ನಾಕ್ಸ್ ಅನ್ನುವುದು ಇದನ್ನೇ. ಉರಿದು ಬಂದ ಹೊಗೆಯಲ್ಲಿ ಆಮ್ಲಜನಕ ಕಡಿಮೆ, ಇಂಗಾಲದ ಡೈ ಆಕ್ಸೈಡ್ ಮತ್ತು ನೀರಿನ ಹಬೆ ಹೆಚ್ಚು. ಅದನ್ನು ಸ್ವಲ್ಪ ಬೆರೆಸಿದರೆ ಉರಿಯ ಕಾವು ಇಳಿಯುತ್ತದೆ, ನಾಕ್ಸ್ ಕಡಿಮೆಯಾಗುತ್ತದೆ. ಒಲೆಗೆ ಗಾಳಿ ಕಡಿಮೆ ಕೊಟ್ಟು ಉರಿ ತಗ್ಗಿಸಿದ ಹಾಗೆ ಅನ್ನಿ. ಇದೇನೂ ಇತ್ತೀಚಿನ ಕಂಡುಹಿಡಿತ ಅಲ್ಲ. ಅಮೆರಿಕದ ಪೆಟ್ರೋಲ್ ಕಾರುಗಳಿಗೆ 1970ರ ದಶಕದ ಆರಂಭದಲ್ಲೇ ಬಂದಿತ್ತು.

ಇದನ್ನು ವಿವರಿಸಿದಾಗ ನೆರೆಮನೆಯ ಭಾವ ನಕ್ಕರು. “ಹಾಗಾದ್ರೆ ಬಂದ್ ಮಾಡಿದ್ರೆ ಒಳ್ಳೆದೇ ಆಯ್ತಲ್ಲ ಮಾರಾಯ್ರೇ, ತೋಟಕ್ಕೆ ಪುಕ್ಕಟೆ ಯೂರಿಯಾ!” ಮಾತು ಪೂರ್ತಿ ಸುಳ್ಳಲ್ಲ. ಸಿಡಿಲು ಮಿಂಚಿನಲ್ಲೂ ಇದೇ ಆಗುವುದು, ಮಳೆಯ ಜೊತೆ ನೈಟ್ರೇಟ್ ಆಗಿ ಇಳಿಯುವುದೂ ಹೌದು. ಆದರೆ ಸಿಡಿಲು ಆಕಾಶದಲ್ಲಿ, ನಮ್ಮ ಸೈಲೆನ್ಸರು ನೆಲದಿಂದ ಒಂದಡಿ ಮೇಲೆ. ಶಾಲೆ ಬಿಡುವ ಹೊತ್ತಿಗೆ ಗೇಟಿನ ಬಳಿ ಸಾಲಾಗಿ ನಿಂತು ಗುಡುಗುಡು ಅನ್ನುವ ಗಾಡಿಗಳನ್ನು ನೆನಪು ಮಾಡಿಕೊಳ್ಳಿ. ನೈಟ್ರೋಜನ್ ಡೈ ಆಕ್ಸೈಡ್ ಶ್ವಾಸಕೋಶವನ್ನು ಕೆರಳಿಸುವ ಅನಿಲ. ದಮ್ಮು ಇರುವ ಮಕ್ಕಳಿಗೆ ಅದು ಬೇಗ ನಾಟುತ್ತದೆ. ಬಿಸಿಲಿಗೆ ಇದೇ ಅನಿಲ ಬೇರೆ ಆವಿಗಳ ಜೊತೆ ಸೇರಿ ನೆಲಮಟ್ಟದಲ್ಲಿ ಓಝೋನ್ ಹುಟ್ಟಿಸುತ್ತದೆ. ಆಕಾಶದ ಓಝೋನ್ ನಮ್ಮನ್ನು ಕಾಯುತ್ತದೆ, ನೆಲದ ಓಝೋನ್ ಎಲೆಯ ರಂಧ್ರದಿಂದ ಒಳನುಗ್ಗಿ ಬೆಳೆಯನ್ನು ಬಾಡಿಸುತ್ತದೆ. ಗೋಧಿ, ಸೋಯಾ, ಬೀನ್ಸ್ ಜಾತಿಯ ಬೆಳೆಗಳು ಇದಕ್ಕೆ ಬೇಗ ಸೋಲುತ್ತವೆ.

ನಮ್ಮ ಹಳ್ಳಿಯ ನಾಲ್ಕು ಕಾರಿನಿಂದ ಗೋಧಿ ಒಣಗುತ್ತದೆ ಅಂತ ನಾನು ಹೇಳುತ್ತಿಲ್ಲ. ಅಷ್ಟು ದೊಡ್ಡ ಮಾತು ಬೇಡ. ಕಣ್ಣಿಗೆ ಕಾಣುವ ಕರಿಹೊಗೆಯೊಂದೇ ಹೊಗೆಯಲ್ಲ, ತಗಡು ಹೊಡೆದಾಗ ಹೆಚ್ಚುವುದು ಕಾಣದ ಹೊಗೆ, ಇಷ್ಟು ತಿಳಿದರೆ ಸದ್ಯಕ್ಕೆ ಸಾಕು.

ಗ್ಯಾರೇಜಿನವರ ವಾದದಲ್ಲಿ ಸತ್ಯ ಎಷ್ಟು?

ಸಾಕಷ್ಟು ಉಂಟು, ಒಪ್ಪಲೇಬೇಕು. ಡೀಸೆಲ್ ಹೊಗೆಯಲ್ಲಿ ಮಸಿ ಇದೆ. ಎಂಜಿನ್ನಿನ ತಳದಿಂದ ಬ್ರೀದರ್ ಪೈಪಿನಲ್ಲಿ ಬರುವ ಆವಿಯಲ್ಲಿ ಎಣ್ಣೆಯ ಪಸೆ ಇದೆ. ಎರಡೂ ಮ್ಯಾನಿಫೋಲ್ಡಿನಲ್ಲಿ ಸೇರಿದರೆ ಡಾಮರಿನಂಥ ಕಿಟ್ಟ. ನನ್ನದನ್ನು ಬಿಚ್ಚಿದಾಗ ಹೆಬ್ಬೆರಳು ಹೋಗುವಷ್ಟೂ ದಾರಿ ಉಳಿದಿರಲಿಲ್ಲ. ವಾಲ್ವು ಅರ್ಧ ತೆರೆದಲ್ಲೇ ಸಿಕ್ಕಿಬಿದ್ದರೆ ಏರು ಹತ್ತುವಾಗಲೂ ಹೊಗೆ ಒಳಗೆ ಬರುತ್ತಾ ಇರುತ್ತದೆ. ಗಾಳಿ ಸಾಲದು, ಡೀಸೆಲ್ ಸರಿಯಾಗಿ ಉರಿಯುವುದಿಲ್ಲ, ಕರಿಹೊಗೆ, ಎಳೆತ ಇಲ್ಲ. ಈ ವ್ಯವಸ್ಥೆಯ ದೋಷ ದೊಡ್ಡ ಕಂಪೆನಿಗಳನ್ನೂ ಬಿಟ್ಟಿಲ್ಲ. 2018ರಲ್ಲಿ ದಕ್ಷಿಣ ಕೊರಿಯದಲ್ಲಿ ಬಿಎಂಡಬ್ಲ್ಯು ಡೀಸೆಲ್ ಕಾರುಗಳು ಒಂದರ ಹಿಂದೊಂದು ಹೊತ್ತಿ ಉರಿದವು. ಇಜಿಆರ್ ಕೂಲರಿನಿಂದ ಸೋರಿದ ದ್ರವ ಮಸಿಯ ಜೊತೆ ಸೇರಿ ಬೆಂಕಿ ಹಿಡಿದದ್ದು. ಲಕ್ಷಕ್ಕೂ ಮಿಕ್ಕಿ ಕಾರುಗಳನ್ನು ವಾಪಸು ಕರೆಯಬೇಕಾಯಿತು.

ಆದ್ದರಿಂದ “ಅದರಿಂದ ತೊಂದರೆಯೇ ಇಲ್ಲ” ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಆದರೆ “ಬಂದ್ ಮಾಡಿದರೆ ಪವರ್ ಬರ್ತದೆ” ಅನ್ನುವುದು ಬೇರೆ ಮಾತು. ಒಳ್ಳೆ ಸ್ಥಿತಿಯ ವಾಲ್ವು ತೆರೆಯುವುದು ಹಗುರ ಓಟದಲ್ಲಿ. ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಎಂಜಿನ್ನಿಗೆ ಗಾಳಿಯೆಲ್ಲ ಬೇಕು, ಆಗ ಕಂಪ್ಯೂಟರು ಸಾಮಾನ್ಯವಾಗಿ ಅದನ್ನು ತಾನಾಗಿಯೇ ಮುಚ್ಚುತ್ತದೆ. ಅಂದರೆ ನಮಗೆ ಎಳೆತ ಬೇಕಾದ ಹೊತ್ತಿಗೆ ಅದು ಹೇಗೂ ಬಂದ್. ಮುಚ್ಚಿರುವ ಬಾಗಿಲಿಗೆ ಮೇಲಿಂದ ತಗಡು ಹೊಡೆದರೆ ಯಾವ ಪವರು ಬರಬೇಕು?

ಹಾಗಾದರೆ ಹಾಕಿಸಿದ ಮರುದಿನ ಗಾಡಿ ಹಾರಿದ ಹಾಗೆ ಹೋಗುವುದು ಯಾಕೆ? ಸಿಕ್ಕಿಬಿದ್ದ ವಾಲ್ವಿನ ತೊಂದರೆ ನಿಂತದ್ದರಿಂದ. ನಾನು ಡೀಸೆಲ್ ಲೆಕ್ಕ ಬರೆದಿಡುವವನು. ವಾಲ್ವು ಸಿಕ್ಕಿಬಿದ್ದಿದ್ದಾಗ ಲೀಟರಿಗೆ 16 ಕಿಲೋಮೀಟರಿನ ಹತ್ತಿರ ಇತ್ತು. ತಗಡು ಹಾಕಿದ ಮೇಲೆ 18ರ ಹತ್ತಿರ. ಎಲ್ಲರ ಬಳಿ ಹೊಗಳಿದೆ. ಮುಂದೆ ತಗಡು ತೆಗೆಸಿ, ಅದೇ ವಾಲ್ವನ್ನು ತೊಳೆಸಿ ಹಾಕಿದ ಮೇಲೂ 18ರ ಹತ್ತಿರವೇ. ಲಾಭ ತಂದದ್ದು ತಗಡಲ್ಲ, ಕಿಟ್ಟ ಹೋದದ್ದು. ಮೊದಲೇ ತೊಳೆಸಿದ್ದರೆ ನಡುವಿನ ರಾಮಾಯಣ ಇರುತ್ತಿರಲಿಲ್ಲ.

ದೀಪ ಉರಿಯುತ್ತಿತ್ತು, ನೋಡಲಿಲ್ಲ

ಆ ರಾಮಾಯಣ ಇಷ್ಟು. ತಗಡು ಹೊಡೆದ ಎರಡನೇ ದಿನವೇ ಚೆಕ್ ಎಂಜಿನ್ ದೀಪ ಹೊತ್ತಿಕೊಂಡಿತು. ಕಂಪ್ಯೂಟರು ವಾಲ್ವು ತೆರೆದು ನೋಡುತ್ತದೆ, ಒಳಬರುವ ಗಾಳಿಯ ಲೆಕ್ಕದಲ್ಲಿ ಬದಲಾವಣೆ ಕಾಣುವುದಿಲ್ಲ, ದೂರು ದಾಖಲಿಸುತ್ತದೆ. “ಅದು ಉರೀತಾ ಇರ್ತದೆ ಅಣ್ಣ, ಎಂತ ಆಗುದಿಲ್ಲ” ಅಂದ ಮೆಕ್ಯಾನಿಕ್. ನಿಜಕ್ಕೂ ಎಂತದೂ ಆಗಲಿಲ್ಲ. ನಾಲ್ಕು ದಿನದಲ್ಲಿ ನನಗೆ ಆ ದೀಪ ಕಾಣದಷ್ಟು ರೂಢಿಯಾಯಿತು.

14ನೇ ತಿಂಗಳಿನಲ್ಲಿ ಮಡಿಕೇರಿ ಕಡೆಯ ಒಂದು ನಿಶ್ಚಿತಾರ್ಥಕ್ಕೆ ಹೊರಟಿದ್ದೆವು. ಆಷಾಢ ಮುಗಿದ ಹೊಸತು, ಸಂಪಾಜೆ ಘಾಟಿಯಲ್ಲಿ ಬಿಡದ ಮಳೆ. ಮನೆಯವರು, ವಯಸ್ಸಾದ ಅತ್ತೆ, ಇಬ್ಬರು ಮಕ್ಕಳು. ಅರ್ಧ ಘಾಟಿಯಲ್ಲಿ ಗಾಡಿ ಎಳೆಯುವುದನ್ನೇ ಬಿಟ್ಟಿತು. ಹಿಂದಿನಿಂದ ಬಸ್ಸಿನ ಹಾರ್ನು, ತಿರುವಿನಲ್ಲಿ ಬದಿಗೆ ನಿಲ್ಲಿಸುವುದಕ್ಕೂ ಜಾಗ ಇಲ್ಲ. ಹೇಗೋ ಒಂದನೇ ಗೇರಿನಲ್ಲಿ ತೆವಳಿ ಅಗಲ ಜಾಗಕ್ಕೆ ಬಂದು, ಮೂರು ಗಂಟೆ ಕಾದು, ಗಾಡಿ ಎಳೆಸಿಕೊಂಡು ಹೋದದ್ದು.

ಬಿಚ್ಚಿ ನೋಡಿದರೆ ಟರ್ಬೋದಿಂದ ಹೋಗುವ ರಬ್ಬರ್ ಹೋಸು ಸೀಳಿತ್ತು. ಸೀಳಿದ್ದು ಅಂದಲ್ಲ, ತಿಂಗಳುಗಳ ಹಿಂದೆ. ಗಾಳಿ ಸೋರುತ್ತಿದ್ದರಿಂದ ಟರ್ಬೋ ಹೆಚ್ಚು ತಿರುಗಿ ತಿರುಗಿ ಕೊನೆಗೆ ಕೆಟ್ಟಿತ್ತು. ಸ್ಕ್ಯಾನರು ಹಾಕಿದಾಗ ಟರ್ಬೋದ ಒತ್ತಡ ಕಡಿಮೆ ಅನ್ನುವ ದೂರು ಇಜಿಆರ್ ದೂರಿನ ಕೆಳಗೇ ಕೂತಿತ್ತು. ಕಾರು ಹೇಳಿತ್ತು. ಹೇಳುವುದಕ್ಕೆ ಇದ್ದದ್ದು ಒಂದೇ ದೀಪ, ಅದನ್ನು ನಾನು ಮೊದಲೇ ಸುಳ್ಳುಗಾರ ಅಂತ ತೀರ್ಮಾನ ಮಾಡಿದ್ದೆ. ಹೋಸಿನ ಕ್ರಯ ಸಾವಿರದ ಒಳಗೆ. ಟರ್ಬೋ ಸಮೇತ ನಾನು ಕೊಟ್ಟದ್ದು 40 ಸಾವಿರಕ್ಕೆ ಮಿಕ್ಕಿ. ಆ ವರ್ಷದ ಕಾಳುಮೆಣಸು ಪೂರ್ತಿ ಅದಕ್ಕೇ ಹೋಯಿತು.

“ತೂತು ಇರುವ ತಗಡು ಹಾಕಿಸಿ, ದೀಪ ಹತ್ತುವುದಿಲ್ಲ” ಎನ್ನುವವರೂ ಇದ್ದಾರೆ. ಪೂರ್ತಿ ಬಂದ್ ಮಾಡದೆ ಸಣ್ಣ ತೂತಿನಿಂದ ಸ್ವಲ್ಪ ಹೊಗೆ ಬಿಡುವುದು. ಕೆಲವು ಗಾಡಿಗಳಲ್ಲಿ ದೀಪ ಹತ್ತದಿರುವುದು ಹೌದು. ಆದರೆ ಗಾಳಿಯ ಅಳತೆ ನೋಡಿ ವಾಲ್ವು ನಡೆಸುವ ಗಾಡಿಗಳಲ್ಲಿ, ಸಾಕಷ್ಟು ಹೊಗೆ ಬರಲಿಲ್ಲ ಅಂತ ಕಂಪ್ಯೂಟರು ವಾಲ್ವನ್ನು ಇನ್ನಷ್ಟು ತೆರೆಯುತ್ತದೆ. ಮಸಿ ಬರುವುದೂ ನಿಲ್ಲುವುದಿಲ್ಲ, ನಿಧಾನವಾಗುತ್ತದೆ ಅಷ್ಟೆ. ಆ ಸಣ್ಣ ತೂತಿಗೂ ಒಂದು ದಿನ ಮಸಿ ಕಟ್ಟುತ್ತದೆ. ಡ್ರಿಪ್ ಪೈಪಿನ ತೂತು ಕಟ್ಟುವುದನ್ನು ನೋಡಿದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇನ್ನು ಲ್ಯಾಪ್‌ಟಾಪು ತಂದು ಕಂಪ್ಯೂಟರಿನಲ್ಲೇ ಇಜಿಆರ್ ಅಳಿಸಿ ಕೊಡುವವರೂ ಬಂದಿದ್ದಾರೆ. ಅವರು ಅಳಿಸುವಾಗ ಮತ್ತೇನನ್ನು ಅಳಿಸಿದರು ಅಂತ ನಮಗೆ ತಿಳಿಯುವ ದಾರಿ ಇಲ್ಲ. ನನಗಂತೂ ತಗಡಿಗಿಂತ ಇದೇ ಹೆಚ್ಚು ಹೆದರಿಕೆ.

2020ರ ಏಪ್ರಿಲ್ ನಂತರದ ಬಿಎಸ್ 6 ಗಾಡಿ ಇರುವವರು ಈ ಯೋಚನೆಯನ್ನೇ ಬಿಡಿ. ಡೀಸೆಲ್ ಕಾರಿನ ನಾಕ್ಸ್ ಮಿತಿ ಬಿಎಸ್ 3ರಲ್ಲಿ ಕಿಲೋಮೀಟರಿಗೆ 0.50 ಗ್ರಾಂ ಇದ್ದದ್ದು ಬಿಎಸ್ 4ರಲ್ಲಿ 0.25, ಬಿಎಸ್ 6ರಲ್ಲಿ 0.08. ಅಷ್ಟು ಇಳಿಸಲಿಕ್ಕೆ ಇಜಿಆರ್, ಮಸಿ ಹಿಡಿಯುವ ಫಿಲ್ಟರು, ನಾಕ್ಸ್ ತಗ್ಗಿಸುವ ಬೇರೆ ಸಾಧನ, ಎಲ್ಲವನ್ನೂ ಒಂದಕ್ಕೊಂದು ಕೊಂಡಿ ಹಾಕಿ ಕೂರಿಸಿದ್ದಾರೆ. ಒಂದನ್ನು ಕೆಡಿಸಿದರೆ ಇನ್ನೊಂದು ಮುಷ್ಕರ ಹೂಡುತ್ತದೆ. ಇಜಿಆರ್ ದೂರು ಇದ್ದಾಗ ಫಿಲ್ಟರನ್ನು ಸುಟ್ಟು ಶುಚಿ ಮಾಡುವ ಕೆಲಸವನ್ನೇ ಕಂಪ್ಯೂಟರು ತಡೆಹಿಡಿಯುವ ಗಾಡಿಗಳಿವೆ. ಆ ಫಿಲ್ಟರಿನ ಕ್ರಯ ಕೇಳಿದರೆ ಇಜಿಆರ್ ವಾಲ್ವು ಅಗ್ಗ ಅನಿಸೀತು.

ಕಾನೂನಿನ ಮಾತನ್ನೂ ಹೇಳಿಬಿಡುವ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಕಂಪೆನಿ ಮಾಡಿಕೊಟ್ಟ ಗಾಡಿಯನ್ನು ಮನಸ್ಸು ಬಂದ ಹಾಗೆ ಬದಲಿಸುವಂತಿಲ್ಲ. 2019ರ ತಿದ್ದುಪಡಿಯ ಮೇಲೆ ಹೀಗೆ ಬದಲಿಸಿದ ಮಾಲೀಕನಿಗೆ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳ ತನಕ ಸೆರೆ, ಅಥವಾ ಎರಡೂ. ವಾಯುಮಾಲಿನ್ಯದ ನಿಯಮ ಮೀರಿದ ಗಾಡಿ ಓಡಿಸಿದರೆ 10,000 ರೂಪಾಯಿ ತನಕ ದಂಡ ಹಾಕಬಹುದು, ಲೈಸೆನ್ಸಿಗೂ ಕುತ್ತು. ಕಾಗದದಲ್ಲಿ ಇಷ್ಟೆಲ್ಲ ಇದೆ. ಹೊಗೆ ತಪಾಸಣೆಯಲ್ಲಿ ನಡೆಯುವುದು ಏನು? ಗೇರು ನ್ಯೂಟ್ರಲ್ಲಿನಲ್ಲಿಟ್ಟು, ಆಕ್ಸಿಲರೇಟರ್ ಒತ್ತಿ, ಹೊಗೆ ಎಷ್ಟು ದಪ್ಪ ಅಂತ ಅಳೆಯುತ್ತಾರೆ. ಡೀಸೆಲ್ ಗಾಡಿಯ ನಾಕ್ಸ್ ಅಲ್ಲಿ ಅಳೆಯುವುದೇ ಇಲ್ಲ. ತಗಡು ಹೊಡೆದ ಗಾಡಿಯಲ್ಲಿ ಮಸಿ ಕಡಿಮೆಯಾಗಿ ಚೀಟಿ ಇನ್ನೂ ಸುಲಭವಾಗಿ ಸಿಗುತ್ತದೆ. ನನಗೂ ಸಿಕ್ಕಿತ್ತು. ಬಂದ್ ಮಾಡಿದವನಿಗೆ ಶುದ್ಧ ಅಂತ ಸರ್ಟಿಫಿಕೇಟು. ಈ ತಪಾಸಣೆ ಹೀಗೇ ಇರುವ ತನಕ ರೈತನೊಬ್ಬನನ್ನೇ ಬೈಯುವುದರಲ್ಲಿ ಅರ್ಥವಿಲ್ಲ.

“ದೊಡ್ಡ ಕಂಪೆನಿಗಳೇ ಮೋಸ ಮಾಡಿವೆ, ನಮ್ಮದೇನು ಮಹಾ?” ಅಂತ ಒಬ್ಬರು ಕೇಳಿದರು. ಮಾಡಿವೆ. ಫೋಕ್ಸ್‌ವ್ಯಾಗನ್ ಕಂಪೆನಿಯ ಡೀಸೆಲ್ ಕಾರುಗಳಲ್ಲಿ ಪರೀಕ್ಷೆಯ ಹೊತ್ತಿಗೆ ಮಾತ್ರ ಮಾಲಿನ್ಯ ತಡೆಯುವ ವ್ಯವಸ್ಥೆ ಸರಿಯಾಗಿ ನಡೆಯುವಂತೆ, ರಸ್ತೆಗಿಳಿದ ಮೇಲೆ ಸಡಿಲವಾಗುವಂತೆ ಕಂಪ್ಯೂಟರಿಗೆ ಹೇಳಿಕೊಟ್ಟಿದ್ದರು. ಅಮೆರಿಕದಲ್ಲಿ 2015ರ ಸೆಪ್ಟೆಂಬರಿನಲ್ಲಿ ಇದು ಬಯಲಾಯಿತು. ಕೆಲವು ಕಾರುಗಳು ಮಿತಿಯ 40 ಪಟ್ಟು ತನಕ ನಾಕ್ಸ್ ಬಿಡುತ್ತಿದ್ದವು. ಲೋಕದಲ್ಲೆಲ್ಲ ಸೇರಿ 1.1 ಕೋಟಿ ಕಾರುಗಳು, ನಮ್ಮ ದೇಶದಲ್ಲೇ ಸುಮಾರು 3.23 ಲಕ್ಷ ಕಾರುಗಳನ್ನು ಸರಿಪಡಿಸಲು ಕರೆಯಬೇಕಾಯಿತು. ಅದಕ್ಕೂ ಮೊದಲು, 2013ರ ಜುಲೈಯಲ್ಲಿ, ಹೊಗೆಯ ನಿಯಮಕ್ಕೆ ತಪ್ಪಿದ್ದಕ್ಕೆ ಜನರಲ್ ಮೋಟರ್ಸ್ ಇಲ್ಲಿ 1.14 ಲಕ್ಷ ಟವೇರಾಗಳನ್ನು ವಾಪಸು ಕರೆದಿತ್ತು. ಅವರು ಸಾಫ್ಟ್‌ವೇರಿನಲ್ಲಿ ಹೊಡೆದದ್ದೂ ಒಂದು ಬಗೆಯ ತಗಡೇ. ಅದನ್ನು ಓದಿ ಸಿಟ್ಟಾದವನು ನಾನು. ಸಿಟ್ಟಾದವನೇ ಗ್ಯಾರೇಜಿಗೆ ಹೋಗಿ 300 ರೂಪಾಯಿ ಕೊಟ್ಟು ಹೊಡೆಸಿಕೊಂಡೆ ಅನ್ನುವುದು ಬೇರೆ ವಿಷಯ.

ತೊಳೆಸುವುದಾದರೆ

ಕಪ್ಪು ಹೊಗೆ ಕಂಡ ಕೂಡಲೇ ಇಜಿಆರ್ ಮೇಲೆ ತಪ್ಪು ಹೊರಿಸಬೇಡಿ. ನಮ್ಮ ಮಣ್ಣುರಸ್ತೆಯ ಧೂಳಿಗೆ ಏರ್ ಫಿಲ್ಟರು ಬೇಗ ಕಟ್ಟುತ್ತದೆ, ಅದರದ್ದೂ ಇದೇ ಲಕ್ಷಣ. ಟರ್ಬೋ ಹೋಸುಗಳ ಮೇಲೆ ಎಣ್ಣೆ ಒಸರಿದ ಗುರುತು ಇದೆಯಾ ಅಂತ ಕೈಯಾಡಿಸಿ ನೋಡಿ. ಆಮೇಲೆ ಸ್ಕ್ಯಾನರು ಹಾಕಿಸಿ, ಯಾವ ದೂರು ಬಂತು ಅಂತ ಚೀಟಿಯಲ್ಲಿ ಬರೆಸಿಕೊಳ್ಳಿ.

ವಾಲ್ವಿನದ್ದೇ ತೊಂದರೆ ಅಂತಾದರೆ ಬಿಚ್ಚಿ ತೊಳೆಸಿ. ಬಹಳ ಗಾಡಿಗಳಲ್ಲಿ ನಾಲ್ಕೈದು ಬೋಲ್ಟು, ಒಂದು ವಯರಿನ ಸಾಕೆಟ್ಟು. ಬ್ಯಾಟರಿ ಕಳಚಿ ಕೆಲಸ ಶುರು ಮಾಡಲಿ. ಕಾರ್ಬೊರೇಟರ್ ಕ್ಲೀನರ್ ಸ್ಪ್ರೇ ಹೊಡೆದು ಕಿಟ್ಟ ಮೆದುವಾದ ಮೇಲೆ ಬ್ರಷ್ಷಿನಲ್ಲಿ ತೆಗೆಯುವುದು. ಸ್ಕ್ರೂ ಡ್ರೈವರಿನಲ್ಲಿ ಮೀಟಿದರೆ ವಾಲ್ವು ಕೂರುವ ಜಾಗ ಗೀರಿಹೋಗುತ್ತದೆ. ಮೋಟಾರು ಇರುವ ತಲೆಭಾಗವನ್ನು ಯಾವ ಕಾರಣಕ್ಕೂ ಡಬ್ಬಿಯಲ್ಲಿ ಮುಳುಗಿಸಬೇಡಿ. ಹಳೆಯ ವ್ಯಾಕ್ಯೂಮ್ ಗಾಡಿಯಾದರೆ ವಾಲ್ವಿನ ಕಡ್ಡಿ ಕೈಯಲ್ಲಿ ತಳ್ಳಿದಾಗ ಹೋಗಿ, ಬಿಟ್ಟಾಗ ತಾನೇ ಬರಬೇಕು. ಬರದಿದ್ದರೆ ಸ್ಪ್ರಿಂಗೋ ಡಯಾಫ್ರಮ್ಮೋ ಹೋಗಿದೆ, ತೊಳೆದು ಪ್ರಯೋಜನವಿಲ್ಲ. ಕೂರಿಸುವಾಗ ಹೊಸ ಗ್ಯಾಸ್ಕೆಟ್ಟು ಹಾಕಲಿ. ಮ್ಯಾನಿಫೋಲ್ಡನ್ನೂ ಒಮ್ಮೆ ಇಣುಕಿ ನೋಡಿ, ಅಲ್ಲಿ ಕಿಟ್ಟ ಕೂತಿದ್ದರೆ ಅರ್ಧ ಕೆಲಸ ಮಾಡಿದ ಹಾಗೆ. ಎಂಜಿನ್ನು ಓಡುತ್ತಿರುವಾಗ ಗಾಳಿಯ ಪೈಪಿಗೆ ಸ್ಪ್ರೇ ಹೊಡೆಯುವವರ ಹತ್ತಿರ ಮಾತ್ರ ಹೋಗಬೇಡಿ. ಡೀಸೆಲ್ ಎಂಜಿನ್ನು ಗಾಳಿಯಲ್ಲಿ ಬಂದ ಎಣ್ಣೆಯನ್ನೂ ಉರಿಸುತ್ತದೆ, ಒಮ್ಮೆ ಕೈಮೀರಿ ಓಡತೊಡಗಿದರೆ ಕೀಲಿ ತೆಗೆದರೂ ನಿಲ್ಲುವುದಿಲ್ಲ. ನನಗೆ ಈ ತೊಳೆಯುವ ಕೆಲಸಕ್ಕೆ ಗ್ಯಾಸ್ಕೆಟ್ಟು ಸೇರಿ 1,500 ರೂಪಾಯಿ ಆಯಿತು, ಒಂದು ಮಧ್ಯಾಹ್ನ ಹೋಯಿತು.

ನಮ್ಮ ಗಾಡಿಗಳಿಗೆ ಬೇಗ ಮಸಿ ಕಟ್ಟುವುದಕ್ಕೆ ನಮ್ಮ ಓಡಾಟದ ರೀತಿಯೂ ಕಾರಣ. ಮನೆಯಿಂದ ಡೈರಿಗೆ ಎರಡು ಕಿಲೋಮೀಟರು, ಅಲ್ಲಿಂದ ಅಂಗಡಿಗೆ, ಮತ್ತೆ ಮನೆ. ಎಂಜಿನ್ನು ಬಿಸಿಯಾಗುವ ಮೊದಲೇ ಬಂದ್. ಹಾಲಿನವರ ಜೊತೆ ಮಾತಾಡುವ ಹತ್ತು ನಿಮಿಷ ಅದು ಗುಡುಗುಡು ಅನ್ನುತ್ತಾ ನಿಂತಿರುತ್ತದೆ. ಇಂಥ ತಣ್ಣಗಿನ, ಹಗುರ ಓಟದಲ್ಲೇ ಮಸಿ ಕೂರುವುದು. ಈಗ ನಾನು ಡೈರಿಗೆ ಬೈಕಿನಲ್ಲೇ ಹೋಗುತ್ತೇನೆ. ಹದಿನೈದು ದಿನಕ್ಕೊಮ್ಮೆ ಹೆದ್ದಾರಿಯಲ್ಲಿ ಅರ್ಧ ಗಂಟೆ ಎಂಜಿನ್ನು ಬಿಸಿಯಾಗುವ ಹಾಗೆ ಓಡಿಸುತ್ತೇನೆ. ಗಟ್ಟಿಯಾದ ಕಿಟ್ಟ ಇದರಿಂದ ಹೋಗುವುದಿಲ್ಲ, ಹೊಸತು ಕೂರುವುದು ನಿಧಾನವಾಗುತ್ತದೆ. ಎಂಜಿನ್ ಆಯಿಲು ಪುಸ್ತಕದಲ್ಲಿ ಹೇಳಿದ ದರ್ಜೆಯದ್ದೇ, ಹೇಳಿದ ಹೊತ್ತಿಗೇ.

ತೊಳೆಸಿದರೂ ಆರೇ ತಿಂಗಳಿಗೆ ಕಟ್ಟುತ್ತದೆ ಅನ್ನುವವರಿದ್ದರೆ ವಾಲ್ವಿನ ಆಚೆಗೂ ನೋಡಬೇಕು. ಇಂಜೆಕ್ಟರು ಸೋರುತ್ತಾ ಇರಬಹುದು, ಎಂಜಿನ್ನು ಎಣ್ಣೆ ತಿನ್ನುತ್ತಾ ಇರಬಹುದು. ಅಂಥ ಗಾಡಿಗೆ ತಗಡು ಹೊಡೆದರೆ ಜ್ವರ ಬಂದವನ ಥರ್ಮಾಮೀಟರು ಮುರಿದ ಹಾಗೆ. ನೆರೆಮನೆಯ ಭಾವನ ಗಾಡಿ ಇದೇ ಬಾಬತ್ತು. ಅವರು ಇನ್ನೂ ತಗಡು ತೆಗೆಸಿಲ್ಲ, ನಮ್ಮ ವಾದ ಇನ್ನೂ ಮುಗಿದಿಲ್ಲ.

ತಗಡು ಹಾಕಿಸಿದವರು, ತೊಳೆಸಿದವರು ತಮ್ಮ ಲೆಕ್ಕ ಬರೆದು ಕಳಿಸಿದರೆ ಒಳ್ಳೆಯದು. ಟ್ಯಾಂಕು ತುಂಬಿಸಿ ಮತ್ತೆ ತುಂಬಿಸುವ ತನಕ ಓಡಿದ ಕಿಲೋಮೀಟರು, ಹಾಕಿದ ಲೀಟರು, ಗಾಡಿಯ ವರ್ಷ, ದಿನದ ಓಟ ಎಷ್ಟು ದೂರ, ಮೂರು ಟ್ಯಾಂಕಿನದ್ದು ಇದ್ದರೆ ಸಾಕು. “ಚೆನ್ನಾಗಿ ಹೋಗ್ತದೆ” ಅಂತ ಮಾತ್ರ ಬರೆಯಬೇಡಿ, ಅದನ್ನು ನಾನೂ 14 ತಿಂಗಳು ಹೇಳಿದ್ದೇನೆ.